ಮೂರು ಗಂಟೆಗೆ ಒಲೆ ಆರಿಸುವ ದ್ಯಾವಮ್ಮ

ಏಪ್ರಿಲ್ ತಿಂಗಳು, ಬೆಳಗಿನ ಐದೂಕಾಲು. ಅರಸೀಕೆರೆಯ ಹೊರಗೆ, ತೆಂಗಿನ ನಾರಿನ ಮಿಲ್ಲಿನ ಹಿಂದೆ ನಾರಿನ ಪುಡಿಯ ಗುಡ್ಡೆಯೊಂದಿದೆ. ಎರಡಾಳೆತ್ತರ, ಕಂದು ಬಣ್ಣ. ಅದರ ಮೇಲೆ ಇಪ್ಪತ್ತೆರಡು ಜನ ಭುಜಕ್ಕೆ ಭುಜ ತಾಗಿಸಿ ನಿಂತು ಬಿದಿರುಕೋಲುಗಳನ್ನು ಪುಡಿಯೊಳಗೆ ಚುಚ್ಚುತ್ತಿದ್ದಾರೆ. ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು. ಆಮೇಲೆ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ. ಹೆಚ್ಚಿನವರು ಅರವತ್ತು ದಾಟಿದವರು. ಮಂಡಿನೋವಿನವರಿದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ, ಮೊಮ್ಮಕ್ಕಳನ್ನು ಮಲಗಿಸಿ ಬಂದವರಿದ್ದಾರೆ. ಪುಡಿಯೊಳಗೆ ಎಲ್ಲೋ ಒಂದು ಮೂಟೆ ಹೂತಿದೆ. ರಾಗಿಹುಲ್ಲು ತುಂಬಿದ ಮೂಟೆ, ಅದಕ್ಕೊಂದು ಹಳೆಯ ಸ್ವೆಟರ್ ತೊಡಿಸಿದೆ. ಮೂಟೆಯ ಹೆಸರು ಜವರಯ್ಯ.

ನಿಜವಾದ ಜವರಯ್ಯನವರೂ ಸಾಲಿನಲ್ಲಿದ್ದಾರೆ. ಬಾಣಾವರದವರು, ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಪ್ರತಿವರ್ಷ ಉತ್ತರದ ಬೆಟ್ಟಗಳಿಗೆ ಯಾತ್ರೆ ಕರೆದೊಯ್ಯುವವರು. ತಮ್ಮ ಹೆಸರಿನ ಹೆಣವನ್ನು ತಾವೇ ಹುಡುಕುತ್ತಿದ್ದಾರೆ.

ಗುಡ್ಡೆಯ ಬುಡದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಬೈಲಿನಲ್ಲಿ ಹೊತ್ತು ನೋಡುತ್ತ ನಿಂತವರು ದ್ಯಾವಮ್ಮ. ಕೊನೆಗೂ ಯಾರದೋ ಕೋಲಿಗೆ ಮೆತ್ತಗೆ ಏನೋ ತಾಗುತ್ತದೆ. ಅಗೆದು ಎಳೆಯುತ್ತಾರೆ. ಸ್ವೆಟರಿನ ತೋಳು ಕಂಡ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

"ಯಾಕ್ ಚಪ್ಪಾಳೆ? ನಲವತ್ತೊಂದ್ ನಿಮಿಷ ಆಗೈತೆ. ಜವರಣ್ಣ ಸತ್ತು ಯಾವ ಕಾಲ ಆಯ್ತು," ಎನ್ನುತ್ತಾರೆ ದ್ಯಾವಮ್ಮ.

"ನನ್ ಹೆಂಡ್ತಿ ಮುಂದೆ ಮಾತ್ರ ಹಿಂಗನ್‌ಬೇಡ ಕಣಮ್ಮ, ಕುಣ್ದಾಡ್‌ಬಿಟ್ಟಾಳು," ಎನ್ನುತ್ತಾರೆ ಜವರಯ್ಯ.

ನಗು ಏಳುತ್ತದೆ. ದ್ಯಾವಮ್ಮ ನಗುವುದಿಲ್ಲ. "ಕಾಲು ಗಂಟೆ. ಅದ್ರೊಳಗೆ ತೆಗುದ್ರೆ ಮನುಷ್ಯ. ಆಮೇಲೆ ತೆಗುದ್ರೆ ಏನು ಅಂತ ನಾನ್ ನೋಡಿದ್ದೀನಿ. ಆ ಕಡೆ ತಿರುಗ್ಕಳಿ, ಇನ್ನೊಂದ್ ಸತಿ ಹೂಳ್ತೀನಿ."

ಇವರು ಬೆಟ್ಟ ಹತ್ತುವುದನ್ನು ಕಲಿಸುವ ಗುರುವಲ್ಲ, ಸೈನ್ಯದಲ್ಲಿದ್ದವರಲ್ಲ. ಅಡುಗೆಯವರು. ಕಣಕಟ್ಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆ ಮನೆಗಳಲ್ಲಿ ಮುದ್ದೆ ತೊಳಸುತ್ತ ಅರಸೀಕೆರೆಗೆ ಬಂದು ನೆಲೆಸಿದವರು. ವಯಸ್ಸು ಐವತ್ತಾರು. ಹನ್ನೆರಡು ವರ್ಷದ ಹಿಂದೆ ಜವರಯ್ಯನವರ ಯಾತ್ರೆಗೆ ಒಪ್ಪಿಕೊಂಡಿದ್ದ ಅಡುಗೆಯವನು ಕೊನೇ ಗಳಿಗೆಯಲ್ಲಿ ಕೈಕೊಟ್ಟ. ನಮ್ಮ ಜನಕ್ಕೆ ದೇವರಿಲ್ಲದೆ ನಾಲ್ಕು ದಿನ ಕಳೆದೀತು, ಮುದ್ದೆಯಿಲ್ಲದೆ ಆಗದು. ಹಾಗೆ ದ್ಯಾವಮ್ಮ ರೈಲು ಹತ್ತಿದರು. ಹಿಮವನ್ನು ಮೊದಲು ಕಂಡಾಗ ಉಪ್ಪಿನ ಗುಡ್ಡೆಯೆಂದುಕೊಂಡಿದ್ದರಂತೆ.

ಆ ಎತ್ತರದಲ್ಲಿ ಇಪ್ಪತ್ತು ಜನಕ್ಕೆ ಅಡುಗೆ ಮಾಡುವುದೆಂದರೆ ಏನೆಂದು ತಿನ್ನುವವರಿಗೆ ಗೊತ್ತಿರುವುದಿಲ್ಲ. ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ನೀರಿಗಾಗಿ ಹಿಮ ಅಗೆದು ತರಬೇಕು. ಮೂರು ಬಕೆಟ್ ಹಿಮ ಕರಗಿದರೆ ಒಂದು ಬಕೆಟ್ ನೀರು. ದಿನಕ್ಕೆ ನಲವತ್ತು ಬಕೆಟ್ ಹಿಮ, ಐವತ್ತು ಮುದ್ದೆ, ಎರಡು ಹೊತ್ತು ಸಾರು, ನಾಲ್ಕು ಸಲ ಟೀ. ಬೆರಳ ತುದಿ ಒಡೆದು ರಕ್ತ ಬಂದರೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಯಾತ್ರೆಯ ಫೋಟೋಗಳು ರಾಶಿ ಇವೆ. ಒಂದರಲ್ಲೂ ದ್ಯಾವಮ್ಮ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ಅವರು ಪಾತ್ರೆ ಉಜ್ಜುತ್ತಿರುತ್ತಾರೆ.

ಆದರೆ ಹಾಗೆ ಅಗೆದದ್ದರಿಂದಲೇ ಅವರಿಗೆ ಹಿಮದ ಹೊಟ್ಟೆಯೊಳಗೆ ಏನಿದೆಯೆಂದು ತಿಳಿಯಿತು. ಯಾತ್ರಿಕರು ಹಿಮವನ್ನು ಮೇಲಿನಿಂದ ನೋಡಿ ಕೈಮುಗಿದರು. ದ್ಯಾವಮ್ಮ ದಿನವೂ ಮೊಳದುದ್ದ ತೋಡಿ ನೋಡಿದರು. ಅಲ್ಲಿಯವರಂತೆಯೇ ಅವರೂ ಅದನ್ನು ಬರ್ಫು ಎನ್ನುತ್ತಾರೆ.

"ಬರ್ಫು ಅಂದ್ರೆ ಒಂದೇ ಸಾಮಾನಲ್ಲ ಕಣ್ರೀ. ಮೇಲೆ ಹಪ್ಪಳದಂಗೆ ಗಟ್ಟಿ ಇರ್ತದೆ. ಅದ್ರ ಕೆಳಗೆ ದೋಸೆಹಿಟ್ಟಿನಂಗೆ ಮೆತ್ತಗೆ. ಒಂದೊಂದ್ ಕಡೆ ತಳದಾಗೆ ದಪ್ಪ ಸಕ್ಕರೆ ಇರ್ತದೆ, ಕೈಗೆ ತಗಂಡ್ರೆ ಸುರೀತದೆ. ಸಕ್ಕರೆ ಮೇಲೆ ಗೋಡೆ ಕಟ್ಟುದ್ರೆ ನಿಂತಾತಾ?"

ಇದನ್ನು ಅವರಿಗೆ ಮೊದಲು ತೋರಿಸಿದವರು ಅಲ್ಲಿನ ಹೇಸರಗತ್ತೆಯಾಳು ಬೀರ್ ಸಿಂಗ್. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ದ್ಯಾವಮ್ಮ ತೋಡಿದ ಗುಂಡಿಯೊಳಗೆ ಅವರು ದಿನವೂ ಬಗ್ಗಿ ನೋಡುತ್ತಿದ್ದರು. ಒಂದು ದಿನ ತಳದ ಪದರಕ್ಕೆ ಬೆರಳಿಟ್ಟು ಸಕ್ಕರೆಯಂಥದ್ದನ್ನು ಸುರಿಸಿ ತೋರಿಸಿ, ತಲೆಯಾಡಿಸಿ, ಇಡೀ ತಂಡವನ್ನು ಬೇರೆ ದಾರಿಗೆ ತಿರುಗಿಸಿದರು. ಇನ್ನೊಂದು ದಿನ ಒಂದು ತಟ್ಟೆ ನೀರನ್ನು ಸಂಜೆ ಹೊರಗಿಡಿಸಿದರು. ಬೆಳಗ್ಗೆ ತಟ್ಟೆ ಬೋರಲು ಹಾಕಿದರೂ ನೀರು ಬೀಳಬಾರದು, ಅಷ್ಟು ಗಟ್ಟಿಯಾಗಿರಬೇಕು. ಹಾಗಿದ್ದರೆ ಬೆಟ್ಟದ ಹಿಮವೂ ಗಟ್ಟಿ, ಹೋಗಬಹುದು. ಮೋಡ ಮುಚ್ಚಿದ ರಾತ್ರಿ ಬೆಟ್ಟ ಕಂಬಳಿ ಹೊದ್ದು ಮಲಗಿದಂತೆ. ಹಿಮ ಗಟ್ಟಿಯಾಗುವುದೇ ಇಲ್ಲ. ಬೇಸಿಗೆ ಶುರುವಿನ ಹಿಮವಂತೂ ಬೆಳಗಿನ ಬಿಸಿಲು ಬಿದ್ದು ಎರಡು ಮೂರು ತಾಸಿಗೆ ಒಳಗೊಳಗೇ ನೀರಾಗುತ್ತದೆ. ಅಲ್ಲಿನವರು ಹಿಮದ ಇಳಿಜಾರನ್ನು ಬಿಸಿಲೇರುವ ಮುಂಚೆಯೇ ದಾಟಿ ಮುಗಿಸುತ್ತಾರೆ.

ಇಷ್ಟು ಗೊತ್ತಿದ್ದೂ, ನಾಲ್ಕು ವರ್ಷದ ಹಿಂದೆ ಒಂದು ಸೋಮವಾರ ದ್ಯಾವಮ್ಮ ಒಂದು ಸಲ ಹೇಳಿ ಸುಮ್ಮನಾದರು. ಆ ಜಾಗದ ಹೆಸರು ಬರೆಯಬೇಡಿ, ಅಲ್ಲಿನ ಜನರ ಹೊಟ್ಟೆಪಾಡು ಅದು ಎಂದು ಅವರು ಕೇಳಿಕೊಂಡಿದ್ದಾರೆ. ಇಷ್ಟು ಸಾಕು: ಮೇಲೊಂದು ಗುಡಿ, ಗುಡಿಯ ದಾರಿಗೆ ಅಡ್ಡವಾಗಿ ನೂರೈವತ್ತು ಹೆಜ್ಜೆಯ ಹಿಮದ ಇಳಿಜಾರು. ನಮ್ಮ ಹೆಂಚಿನ ಮನೆಯ ಮಾಡಿಗಿಂತ ಸ್ವಲ್ಪ ಕಡಿದು.

ಹಿಂದಿನ ರಾತ್ರಿ ಮೋಡ ಮುಚ್ಚಿತ್ತು. ತಟ್ಟೆಯ ನೀರಿನ ಮೇಲೆ ಹಾಲಿನ ಕೆನೆಯಷ್ಟೇ ತೆಳುವಾದ ಪದರ. ಬೀರ್ ಸಿಂಗ್ ಜ್ವರ ಬಂದು ಕೆಳಗಿನ ಊರಿನಲ್ಲೇ ಉಳಿದಿದ್ದರು. ತಟ್ಟೆಯ ನೀರು ಹೆಪ್ಪುಗಟ್ಟಿಲ್ಲವೆಂದು ದ್ಯಾವಮ್ಮ ಜವರಯ್ಯನವರಿಗೆ ಹೇಳಿದರು. ಅದೇನು ಮೊಸರಾ ಹೆಪ್ಪುಗಟ್ಟೋಕೆ ಎಂದು ಅವರು ನಕ್ಕರು. ಈಗ ಆ ಮಾತನ್ನು ನೆನೆಸಿಕೊಂಡರೆ ಜವರಯ್ಯನವರು ತಲೆ ಎತ್ತುವುದಿಲ್ಲ.

ಐದಕ್ಕೆ ಬಿಡಾರ ಬಿಟ್ಟವರು ಏಳೂ ಇಪ್ಪತ್ತಕ್ಕೆ ಇಳಿಜಾರಿನ ಬುಡ ಮುಟ್ಟಿದರು. ಅಷ್ಟೊತ್ತಿಗೆ ಹಳೇಬೀಡಿನ ಲಲಿತಮ್ಮ ಗಡಿಯಾರ ನೋಡಿದರು. ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತರಾದವರು. ತಂಡದಲ್ಲಿ ಅವರ ಮಾತೆಂದರೆ ಮಾತು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಇಂಥ ಗಂಡಾಂತರದ ಜಾಗಕ್ಕೆ ಆ ಹೊತ್ತಿನಲ್ಲಿ ಕಾಲಿಡುವುದು ಬೇಡವೆಂದರು. ಎಲ್ಲರೂ ಒಪ್ಪಿದರು.

ಒಪ್ಪಿ ಏನು ಮಾಡಿದರು? ಬಂಡೆಗಳ ಮೇಲೆ ಸಾಲಾಗಿ ಕೂತರು. ಎದುರಿಗೆ ಇಳಿಜಾರು, ಇಳಿಜಾರಿನ ಮೇಲೆ ಬಿಸಿಲು. ಕೆಟ್ಟ ಹೊತ್ತು ಕಳೆಯಲಿ ಎಂದು ಒಂದೂವರೆ ಗಂಟೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತರು. ಎದುರಿನ ಹಿಮವೂ ಅವರ ಜೊತೆಗೇ ಕಾಯಿತು. ಮೇಲಿನಿಂದ ಮುಷ್ಟಿಗಾತ್ರದ ಹಿಮದುಂಡೆಗಳು ತಾವಾಗಿಯೇ ಉರುಳಿ ಬರತೊಡಗಿದವು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಆ ವಿಡಿಯೊ ಈಗಲೂ ಇದೆ. ಅದರಲ್ಲಿ ಹೆಂಗಸರು ನಗುವುದು ಕೇಳುತ್ತದೆ. ಬೆಟ್ಟ ಅದಕ್ಕಿಂತ ಸ್ಪಷ್ಟವಾಗಿ ಇನ್ನು ಹೇಗೆ ಹೇಳಬೇಕಿತ್ತು?

"ಅವರೆಲ್ಲ ಕೂತ್ರಲ್ಲ, ನಾನ್ ಸ್ಟವ್ ಹಚ್ಚಿ ಟೀ ಕಾಯ್ಸಿ ಕೊಟ್ಟೆ," ಎನ್ನುತ್ತಾರೆ ದ್ಯಾವಮ್ಮ. "ಎರಡ್ ಸತಿ ಕೊಟ್ಟೆ. ಟೀ ಇಲ್ದೇ ಇದ್ದಿದ್ರೆ ಚಳಿಗೆ ಎದ್ದು ಹಿಂದುಕ್ಕಾದ್ರೂ ಹೋಗೋರು. ನಾನ್ ಮಾಡಿದ್ ತಪ್ಪು ಅದು."

ಒಂಬತ್ತೂ ಐದಕ್ಕೆ ಎದ್ದರು. ಹತ್ತೊಂಬತ್ತು ಯಾತ್ರಿಕರು, ಇಬ್ಬರು ಅಡುಗೆಯವರು. ಒಬ್ಬರ ಕೈ ಒಬ್ಬರು ಹಿಡಿದು ಒಂದೇ ಗುಂಪಾಗಿ ಹೊರಟರು. ಹಾಗೆ ಹೋದರೆ ಧೈರ್ಯ ಎಂದುಕೊಂಡರು. ಅಷ್ಟೂ ಜನರ ಭಾರ ಒಂದೇ ಕಡೆ ಬೀಳುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಹಿಮದಲ್ಲಿ ಕಾಲು ಮೊಳಕಾಲವರೆಗೆ ಹೂತುಕೊಳ್ಳುತ್ತಿತ್ತು. ಮುಕ್ಕಾಲು ಪಾಲು ಜನ ದಾಟಿದ್ದರು. ಆಗ ಒಂದು ಸದ್ದು. ಕಾಳು ತುಂಬಿಡುವ ಹಳೆಯ ಹಗೇವಿನ ಬಾಯಿ ಕುಸಿದಂತೆ, ನೆಲದೊಳಗಿನಿಂದ 'ದುಂಪ್' ಎಂದು ಒಂದೇ ಸದ್ದು. ಮೇಲುಗಡೆ ಚಾಕುವಿನಲ್ಲಿ ಗೀರಿದಂತೆ ಗೆರೆ ಬಿತ್ತು. ಗೆರೆಯ ಕೆಳಗಿನದೆಲ್ಲ ಹೊದಿಕೆ ಎಳೆದಂತೆ ಜಾರಿತು.

ಆರು ಜನ ಕೊಚ್ಚಿಹೋದರು. ನಾಲ್ವರನ್ನು ಹಿಮವೇ ಅಂಚಿಗೆ ಎಸೆಯಿತು. ಲಲಿತಮ್ಮ ಮತ್ತು ಹನುಮಮ್ಮ ಕಾಣಲಿಲ್ಲ.

ಹನುಮಮ್ಮ ದ್ಯಾವಮ್ಮನವರ ಜೊತೆಗಾರ್ತಿ, ಅದೇ ಕಣಕಟ್ಟೆ ಕಡೆಯವರು. ಹದಿನಾರು ವರ್ಷ ಒಂದೇ ಒಲೆಯ ಆಚೆ ಈಚೆ ಕೂತವರು. ಆ ದಿನ ಅವರ ಬೆನ್ನಿಗೆ ದೊಡ್ಡ ಅಲ್ಯೂಮಿನಿಯಂ ಪಾತ್ರೆಯಿತ್ತು. ಜಾರದಿರಲೆಂದು ಎದೆಗೂ ಸೊಂಟಕ್ಕೂ ಹಗ್ಗ ಬಿಗಿದಿತ್ತು. ಬಿಗಿದವರು ದ್ಯಾವಮ್ಮ.

ಜನ ಕೂಗಿದರು, ಅತ್ತರು, ಕೆಲವರು ಕಣ್ಣುಮುಚ್ಚಿ ದೇವರ ನಾಮ ಹೇಳುತ್ತ ನಿಂತುಬಿಟ್ಟರು. ದ್ಯಾವಮ್ಮನವರಿಗೆ ಕೆಂಪು ಶಾಲಿನ ತುದಿಯೊಂದು ಕಂಡಿತು. ಊಟದ ಸ್ಟೀಲ್ ತಟ್ಟೆ ತೆಗೆದುಕೊಂಡು ಅಗೆಯಲು ಕೂತರು. ಜಾರುವಾಗ ಕೆಸರಿನಂತಿದ್ದದ್ದು ನಿಂತ ಕ್ಷಣಕ್ಕೆ ಸಿಮೆಂಟಿನಂತಾಗಿತ್ತು. ತಟ್ಟೆ ಬಾಗಿತು, ಇನ್ನೊಂದು ತೆಗೆದುಕೊಂಡರು. ಹನ್ನೆರಡು ನಿಮಿಷಕ್ಕೆ ಲಲಿತಮ್ಮನವರ ಮುಖ ಸಿಕ್ಕಿತು. ನೀಲಿಯಾಗಿತ್ತು. ಬಾಯಿ ತುಂಬ ಹಿಮ. ಆಗತಾನೇ ಹುಟ್ಟಿದ ಕರುವಿನ ಬಾಯಿ ಬಿಡಿಸುವಂತೆ ಎರಡು ಬೆರಳು ಹಾಕಿ ತೆಗೆದರು. ಲಲಿತಮ್ಮ ಕೆಮ್ಮಿದರು.

ಹನುಮಮ್ಮ ಸಿಕ್ಕಿದ್ದು ಐವತ್ತೈದು ನಿಮಿಷಕ್ಕೆ. ಕೊನೆಯದಾಗಿ ಆಕೆ ಎಲ್ಲಿ ಕಂಡರೆಂದು ಒಬ್ಬರೂ ನೋಡಿಟ್ಟುಕೊಂಡಿರಲಿಲ್ಲ. ಎಲ್ಲೆಲ್ಲೋ ಕೆದಕಿದರು. ಲಲಿತಮ್ಮ ಸಿಕ್ಕ ಜಾಗದಿಂದ ಐದೇ ಹೆಜ್ಜೆ ದೂರದಲ್ಲಿ, ಒಂದು ಮೊಳದ ಆಳದಲ್ಲಿದ್ದರು.

"ನಾವು ಅವ್ಳ ಮೇಲೇ ಓಡಾಡ್ತಿದ್ವಿ," ಎನ್ನುತ್ತಾರೆ ದ್ಯಾವಮ್ಮ. ಅಷ್ಟು ಹೇಳಿ ಎದ್ದುಹೋಗಿ ರಾಗಿಹಿಟ್ಟು ಜರಡಿ ಹಿಡಿಯುತ್ತಾರೆ. ಹಿಟ್ಟು ಆಗಲೇ ಜರಡಿ ಹಿಡಿದದ್ದು.

ಕಾಲು ಗಂಟೆಯೊಳಗೆ ಹೊರತೆಗೆದರೆ ಹಿಮದಡಿ ಸಿಕ್ಕಿದ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರೂ ಕಷ್ಟ ಎಂದು ಆಮೇಲೆ ಬಂದ ರಕ್ಷಣಾ ಪಡೆಯವರು ಹೇಳಿದರಂತೆ. ಹೆಲಿಕಾಪ್ಟರ್ ಬರುವುದರೊಳಗೆ ಎಲ್ಲ ಮುಗಿದಿರುತ್ತದೆ. ಪಕ್ಕದಲ್ಲಿ ನಿಂತವರು ಉಳಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಟಿಕೆಟ್ ಮಾಡಿಸುವಾಗ, ಸ್ವೆಟರ್ ಕೊಳ್ಳುವಾಗ, ರೈಲಿನಲ್ಲಿ ಎರಡೂವರೆ ದಿನ ಕೂತಿದ್ದಾಗ ಈ ಒಂದು ಮಾತನ್ನು ಆ ಇಪ್ಪತ್ತೊಂದು ಜನಕ್ಕೆ ಹೇಳುವ ಒಬ್ಬ ಮನುಷ್ಯನೂ ಇರಲಿಲ್ಲ.

ಅದಕ್ಕಿಂತ ದಿಗಿಲು ಹುಟ್ಟಿಸುವುದು ಮುಂದಿನದು. ಮಾರನೆಯ ದಿನ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು: 'ಅರಸೀಕೆರೆ ಯಾತ್ರಿಕರೆಲ್ಲ ಸುರಕ್ಷಿತ'. ಹತ್ತೊಂಬತ್ತು ಹೆಸರುಗಳು ಊರಿನ ಸಮೇತ. ಕೊನೆಯ ಸಾಲಿನಲ್ಲಿ, ಅಡುಗೆ ಕೆಲಸದ ಮಹಿಳೆಯೊಬ್ಬರು ಮೃತಪಟ್ಟಿದ್ದಾರೆ ಎಂದಿತ್ತು. ಬರೆದವರು ಸುಳ್ಳು ಬರೆಯಲಿಲ್ಲ. ಅವರಿಗೆ ಕೊಟ್ಟ ಪಟ್ಟಿಯಲ್ಲಿ ಹನುಮಮ್ಮ ಇರಲೇ ಇಲ್ಲ. ದುಡ್ಡು ಕಟ್ಟಿ ಬಂದವರು ಮಾತ್ರ ಯಾತ್ರಿಕರು. ಅವರಿಗೆ ಬೇಯಿಸಿ ಹಾಕಲು ಅದೇ ಬೆಟ್ಟ ಹತ್ತಿದವರು ಪಾತ್ರೆಪಗಡೆಯ ಲೆಕ್ಕ. ನಾಚಿಕೆಯಾಗಬೇಕು ನಮಗೆ.

ದ್ಯಾವಮ್ಮ ಎರಡು ವರ್ಷ ಬೆಟ್ಟದ ಕಡೆ ತಲೆ ಹಾಕಲಿಲ್ಲ. ಮದುವೆ ಮನೆಗಳಿಗೆ ಮರಳಿದರು. ಜವರಯ್ಯನವರು ಮೂರು ಸಲ ಮನೆ ಬಾಗಿಲಿಗೆ ಬಂದು ಕೂತರು. ಮೂರನೆಯ ಸಲ ದ್ಯಾವಮ್ಮ ಬಾಯಿಬಿಟ್ಟರು. ಬರುವವರೆಲ್ಲ ಎಂಟು ದಿನ ಮುಂಜಾನೆ ತಮ್ಮ ಕೈಕೆಳಗೆ ಕಲಿಯಬೇಕು. ಹಿಮ ದಾಟುವ ದಿನ ಬೆಳಗಿನ ಜಾವ ಎರಡೂವರೆಗೆ ಊಟ, ಮೂರಕ್ಕೆ ಒಲೆ ಆರುತ್ತದೆ. ಆಮೇಲೆ ಬೇಡಿದರೂ ಒಂದು ಲೋಟ ಟೀ ಹುಟ್ಟುವುದಿಲ್ಲ. ಅಡುಗೆಯವಳ ಕೈಯಲ್ಲಿರುವ ಅಧಿಕಾರ ಅದೊಂದೇ, ಅದನ್ನು ಇನ್ನು ಬಿಡುವುದಿಲ್ಲ ಎಂದರು. ಜವರಯ್ಯನವರು ಒಪ್ಪಿದರು. ಕಳೆದ ವರ್ಷ ಹಿಮ ದಾಟುವ ಕೆಲಸವಿಲ್ಲದ ದಾರಿಯಲ್ಲಿ ಹೋಗಿಬಂದರು.

ನಾರಿನ ಪುಡಿಯ ಗುಡ್ಡೆ ಹೊಳೆದದ್ದೂ ಆಗಲೇ. ಮಳೆಗೆ ಮೇಲ್ಪದರ ನೆಂದು ಭಾರವಾಗಿ, ತಳದ ಪುಡಿ ಒಣಗಿಯೇ ಉಳಿದಾಗ ಆ ಗುಡ್ಡೆಯೂ ಜಾರುತ್ತದೆ. ಮಿಲ್ಲಿನ ಆಳುಗಳಿಗೆ ಅದು ಗೊತ್ತು, ಮಳೆ ಮಾರನೆಯ ದಿನ ಅದರ ಬುಡಕ್ಕೆ ಹೋಗುವುದಿಲ್ಲ. ಅದರ ಮೇಲೆ ದ್ಯಾವಮ್ಮ ಕಲಿಸುವುದು ನಡೆಯುವುದನ್ನೇ. ಒಬ್ಬರು ದಾಟುವವರೆಗೆ ಇನ್ನೊಬ್ಬರು ಕಾಲಿಡಬಾರದು. ದಾಟುವವರ ಮೇಲೆ ಉಳಿದವರೆಲ್ಲ ಕಣ್ಣಿಟ್ಟಿರಬೇಕು, ಜಾರಿದರೆ ಕೊನೆಗೆ ಕಂಡ ಜಾಗಕ್ಕೆ ಕೋಲು ನೆಡಬೇಕು. ಇಳಿಜಾರಿಗೆ ಮುಂಚೆ ಬೆನ್ನಿನ ಚೀಲದ ಪಟ್ಟಿ ಸಡಿಲಿಸಬೇಕು. ಹಿಮ ಮೇಲೆ ಬಿದ್ದರೆ ಅಂಗೈ ಮುಖಕ್ಕೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ಕಾಲು ಪಾದದ ಗಂಟಿನ ಮೇಲಕ್ಕೆ ಹೂತರೆ, ದೇವರೇ ಎದುರಿಗೆ ನಿಂತು ಕರೆದರೂ ಹಿಂದಕ್ಕೆ ತಿರುಗಬೇಕು.

ಈ ವರ್ಷ ಮತ್ತೆ ಅದೇ ಗುಡಿ, ಅದೇ ಇಳಿಜಾರು. ಲಲಿತಮ್ಮನವರ ಹಟ. ಹನುಮಮ್ಮನ ಹೆಸರಿನಲ್ಲಿ ಅಲ್ಲೊಂದು ದೀಪ ಹಚ್ಚದೆ ಸಾಯುವುದಿಲ್ಲ ಎಂದು ಅವರು ಹರಸಿಕೊಂಡಿದ್ದಾರೆ. ಗುಡಿ ಬಾಗಿಲು ತೆರೆಯುವ ದಿನಕ್ಕೂ ರೈಲಿಗೂ ಲೆಕ್ಕ ಹಾಕಿದರೆ ಹಿಮ ದಾಟುವ ದಿನ ಮತ್ತೆ ಸೋಮವಾರ.

ಮಾತು ಬಿಗಿಯಾದದ್ದು ಹಳೇಬೀಡಿನ ಪುಷ್ಪಗಿರಿಯಲ್ಲಿ. ಅಂದು ಬೆನ್ನಿಗೆ ಐದು ಕೆಜಿ ರಾಗಿ ಕಟ್ಟಿಕೊಂಡು ಗುಡ್ಡ ಹತ್ತಿಳಿಯುವ ಅಭ್ಯಾಸ. ಸುಧಾರಿಸಿಕೊಳ್ಳಲು ಕೂತಾಗ ಲಲಿತಮ್ಮ ಚೀಟಿ ತೆಗೆದು ಲೆಕ್ಕ ಓದಿದರು. ಇಪ್ಪತ್ತೆರಡು ಯಾತ್ರಿಕರು, ದ್ಯಾವಮ್ಮ, ಹೊಸ ಜೊತೆಗಾರ್ತಿ ಸುವರ್ಣಮ್ಮ, ಒಟ್ಟು ಇಪ್ಪತ್ತನಾಲ್ಕು. ಒಬ್ಬೊಬ್ಬರಾಗಿ ದಾಟಲು ತಲಾ ನಾಲ್ಕು ನಿಮಿಷವಾದರೂ ನೂರು ನಿಮಿಷ ಹತ್ತಿರ ಹತ್ತಿರ. ಸ್ವಲ್ಪ ತಡವಾದರೆ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ ಇರುವಾಗ ರಾಹುಕಾಲ ಬರುತ್ತದೆ. ಹಾಗೆ ತಂಡ ಒಡೆಯುವುದು ಬೇಡ, ಒಂಬತ್ತು ಗಂಟೆ ಕಳೆದ ಮೇಲೆ ಎಲ್ಲರೂ ಒಟ್ಟಿಗೆ ದಾಟೋಣ ಎಂದರು.

ಸಾವಿನ ಬಾಯಿಂದ ಎಳೆಸಿಕೊಂಡು ಬಂದವರೇ ಈ ಮಾತಾಡಿದರು. ಹೋದ ಸಲವೂ ಹೀಗೇ ಕಾಯಲಿಲ್ಲವೇ ಎಂದು ಯಾರೋ ಗೊಣಗಿದ್ದಕ್ಕೆ ಲಲಿತಮ್ಮ ಶಾಂತವಾಗಿಯೇ ಉತ್ತರಿಸಿದರು. "ಕಾದಿದ್ದಕ್ಕೇ ಇಪ್ಪತ್ತು ಜನ ಉಳಿದಿದ್ದು. ರಾಹುಕಾಲದಲ್ಲೇ ದಾಟಿದ್ದರೆ ಒಬ್ಬರೂ ಉಳೀತಿರಲಿಲ್ಲ."

ಭಯಂಕರವೆಂದರೆ, ಕೂತವರಲ್ಲಿ ಹತ್ತಾರು ತಲೆಗಳು ಹೌದೆಂದು ಆಡಿದವು. ಬೇಲೂರಿನಿಂದ ಬಂದವರೊಬ್ಬರು, ತಮ್ಮೂರಿನಲ್ಲೊಬ್ಬ ಅಡುಗೆ ಕಂಟ್ರಾಕ್ಟರ್ ಇದ್ದಾನೆ, ಎಂಟು ಗಂಟೆಗೆ ಬಿಸಿ ಬಿಸಿ ತಿಂಡಿ ಕೊಡಲು ತಯಾರಿದ್ದಾನೆ, ಇಷ್ಟೆಲ್ಲ ರೋಪು ಹಾಕುವುದಿಲ್ಲ ಎಂದರು. ದ್ಯಾವಮ್ಮ ಬಿಟ್ಟರೂ ಯಾತ್ರೆ ನಿಲ್ಲುವುದಿಲ್ಲ ಎಂಬುದು ಆ ಮಾತಿನ ಅರ್ಥ. ಬೇರೆ ಅಡುಗೆಯವನು, ಬಿಸಿಲಿನಲ್ಲಿ ತಿಂಡಿ, ಒಟ್ಟಿಗೆ ಕೈ ಹಿಡಿದ ಇಪ್ಪತ್ತೆರಡು ಜನ. ದ್ಯಾವಮ್ಮನವರಿಗೆ ಅದು ಕಣ್ಣ ಮುಂದೆ ಕಂಡ ಹಾಗಾಯಿತು.

"ಹೋಗಿ," ಎಂದರು. "ಹೋಗೋ ಮುಂಚೆ ನಿಮ್ ನಿಮ್ ಸ್ವೆಟರ್ ಒಂದೊಂದು ಕೊಟ್ಟೋಗಿ. ಮೂಟೆಗೆ ಹಾಕೋಕೆ ಬೇಕಾಯ್ತವೆ."

ಜವರಯ್ಯನವರು ಸಿಟ್ಟಿನಿಂದ ಎದ್ದು ನಿಂತರು. ಅವರನ್ನು ಕೂರಿಸಿ, ದ್ಯಾವಮ್ಮ ಲಲಿತಮ್ಮನವರ ಪಕ್ಕಕ್ಕೆ ಹೋಗಿ ಕೂತರು. ಆಮೇಲೆ ಕೇಳಿದ್ದು ಹಿಮದ ಮಾತನ್ನಲ್ಲ. ನಿಮ್ಮ ಮಗಳನ್ನು ಬಾಣಂತನಕ್ಕೆ ಕರೆತಂದಾಗ ಒಳ್ಳೆಯ ಹೊತ್ತಿಗೂ ಬಸ್ಸಿನ ಹೊತ್ತಿಗೂ ಹೊಂದಿತ್ತೇ ಎಂದು ಕೇಳಿದರು. ಹೊಂದಿರಲಿಲ್ಲ, ಪ್ರಸ್ಥಾನ ಇಟ್ಟಿದ್ದೆವು ಎಂದರು ಲಲಿತಮ್ಮ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ ಮುಂಚೆಯೇ ಒಂದು ಒಳ್ಳೆಯ ಹೊತ್ತಿನಲ್ಲಿ ಬಟ್ಟೆಯ ಗಂಟೊಂದನ್ನು ಮನೆಯಿಂದ ಆಚೆ, ಇನ್ನೊಬ್ಬರ ಮನೆಯಲ್ಲಿಟ್ಟು ಬರುವುದು. ಗಂಟು ಹೋಯಿತೆಂದರೆ ಆಳು ಹೋದ ಹಾಗೆಯೇ. ಆಮೇಲೆ ಯಾವ ಹೊತ್ತಿಗೆ ಹೊರಟರೂ ದೋಷವಿಲ್ಲ.

"ಬೀರ್ ಸಿಂಗ್ ಭಾನುವಾರ ಮುಂಜಾನೆ ಪಾತ್ರೆ ತಗಂಡು ಹಿಮ ದಾಟ್ತಾನೆ ಟೀಚರಮ್ಮ. ಇಪ್ಪತ್ನಾಕು ಜನದ್ದೂ ಒಂದೊಂದ್ ಟವಲ್ಲು, ಅಕ್ಷತೆ ಕಟ್ಟಿ ಅವ್ನ ಕೈಲಿ ಕಳ್ಸಾಣ. ನಾವು ಭಾನುವಾರನೇ ದಾಟ್ದಂಗಾಯ್ತಲ್ಲ. ಸೋಮವಾರ ಹೋಗಿ ಗಂಟು ಇಸ್ಕಳೋದಷ್ಟೇ. ಹೊತ್ತು ಮಾತ್ರ ನೀವೇ ಇಟ್ಕೊಡ್ಬೇಕು."

ಲಲಿತಮ್ಮ ದ್ಯಾವಮ್ಮನವರ ಒಡೆದ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಚೀಲದಿಂದ ಪಂಚಾಂಗ ತೆಗೆದರು. ಭಾನುವಾರ ಬೆಳಗ್ಗೆ ಐದರಿಂದ ಆರರೊಳಗೆ ಆದರೆ ಚೆನ್ನಾಗಿದೆ ಎಂದರು.

ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ತಂಡ ಅರಸೀಕೆರೆಗೆ ಮರಳಿದೆ. ಈ ಸಲದ ಸೋಮವಾರ ನಡೆದದ್ದನ್ನು ಹೇಳಿದವರು ಜವರಯ್ಯನವರು. ತಟ್ಟೆಯನ್ನು ಬೋರಲು ಹಾಕಿದರೆ ನೀರು ಬೀಳಲಿಲ್ಲ. ಮೂರಕ್ಕೆ ಒಲೆ ಆರಿತು. ಇನ್ನರ್ಧ ಲೋಟ ಎಂದವರಿಗೆ ದ್ಯಾವಮ್ಮ ಬೂದಿ ತೋರಿಸಿದರು. ಐದೂವರೆಗೆ ಮೊದಲನೆಯವರು ಹಿಮಕ್ಕೆ ಕಾಲಿಟ್ಟರು. ಜವರಯ್ಯನವರು ಬಸ್ಸಿನಲ್ಲಿ ಊದುತ್ತಿದ್ದ ಸೀಟಿಯನ್ನೇ ಊದಿದರು. ಸೀಟಿಯಿಲ್ಲದೆ ಯಾರೂ ಹೆಜ್ಜೆ ಎತ್ತಲಿಲ್ಲ. ಏಳೂ ಹತ್ತಕ್ಕೆ ಇಪ್ಪತ್ತನಾಲ್ಕನೆಯವರಾಗಿ ದ್ಯಾವಮ್ಮ ದಾಟಿದರು. ಆಚೆ ಬಂಡೆಯ ಮೇಲೆ ಬೀರ್ ಸಿಂಗ್ ಟವಲ್ಲುಗಳನ್ನು ಸಾಲಾಗಿ ಹರವಿ ಕಲ್ಲಿಟ್ಟು ಕಾಯುತ್ತಿದ್ದರು.

ರಾಹುಕಾಲ ಕಳೆಯುವವರೆಗೆ ಸುಧಾರಿಸಿಕೊಂಡು, ಅವಲಕ್ಕಿ ತಿನ್ನುತ್ತ ಕೂತಿದ್ದಾಗ ಒಂಬತ್ತೂ ಐವತ್ತು. ಅದೇ ಸದ್ದು. ಕೆರೆಯ ಏರಿಯಷ್ಟು ಅಗಲದ ಹಿಮ ಕಳಚಿ, ಅವರ ಇಪ್ಪತ್ತನಾಲ್ಕು ಜನರ ಹೆಜ್ಜೆ ಗುರುತುಗಳ ಮೇಲೆ ಹಾದು ಕೆಳಗಿನ ಕಣಿವೆಗೆ ಇಳಿಯಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಬಾಯಿಗೆ ಹಾಕಿಕೊಂಡ ಅವಲಕ್ಕಿಯನ್ನು ಅಗಿಯಲು ಯಾರಿಗೂ ನೆನಪಾಗಲಿಲ್ಲ. ಬೇಲೂರಿನ ಕಂಟ್ರಾಕ್ಟರನ ಮಾತೆತ್ತಿದ್ದವರು ಎದ್ದು ಹೋಗಿ ದ್ಯಾವಮ್ಮನವರ ಪಕ್ಕ ಕೂತರು. ಲಲಿತಮ್ಮ ಗಡಿಯಾರ ನೋಡಿದರು, ಇಳಿಜಾರು ನೋಡಿದರು, ಮತ್ತೆ ಗಡಿಯಾರ ನೋಡಿದರು. ಆಮೇಲೆ ಮೇಲೆ ಹೋಗಿ ದೀಪ ಹಚ್ಚಿದರು.

ಈಗ ಹಳೇಬೀಡಿನಲ್ಲಿ ಅವರು ಬಂದವರಿಗೆಲ್ಲ ಹೇಳುತ್ತಿರುವುದು ಬೇರೆಯೇ: ಪ್ರಸ್ಥಾನ ಇಟ್ಟಿದ್ದರಿಂದ ಉಳಿದೆವು, ಆ ಹೊತ್ತು ನಾನೇ ನೋಡಿಕೊಟ್ಟಿದ್ದು. ಕೇಳಿದರೆ ಸಿಟ್ಟು ನೆತ್ತಿಗೇರುತ್ತದೆ. ತಟ್ಟೆಯ ನೀರಿಲ್ಲ, ಮೂರು ಗಂಟೆಯ ಒಲೆಯಿಲ್ಲ, ದ್ಯಾವಮ್ಮನ ಹೆಸರಿಲ್ಲ.

ದ್ಯಾವಮ್ಮನವರಿಗೆ ಸಿಟ್ಟಿಲ್ಲ. ಮದುವೆ ಮನೆಯೊಂದರ ಹಿತ್ತಲಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದಾರೆ. ಮುಂದಿನ ವರ್ಷ ಕೈಯಲ್ಲಿ ಹಿಡಿಯುವ ಆರು ಗಟ್ಟಿ ಸಲಿಕೆಯನ್ನಾದರೂ ಕೊಡಿಸಿದರೆ ಚೆನ್ನಾಗಿತ್ತು, ತಟ್ಟೆ ಬಾಗುತ್ತವೆ ಎಂದಷ್ಟೇ ಅವರ ಬೇಡಿಕೆ. ಲಲಿತಮ್ಮನವರ ಮಾತು ಹೇಳಿದರೆ ತಲೆ ಎತ್ತದೆ ನಗುತ್ತಾರೆ.

"ಯಾರ್ ಹೆಸ್ರಿಗಾದ್ರೂ ಬರ್ಕಳ್ಳಿ ಬಿಡಿ. ಬೆಟ್ಟ ಇಳಿದ್ ಸಂಜೆ ಸುವರ್ಣಮ್ಮನ್ನೂ ಕೂರ್ಸಿ ಎಲ್ರಿಗೂ ಮುದ್ದೆ ಹಾಕ್ದೆ. ಉಣ್ಣೋಕೆ ಕೂತೋರು ಇಪ್ಪತ್ಮೂರು. ಬಡ್ಸಿದ್ ನಾನು."